ಹೋಗೋ ಬರ್ತೀನಿ, ಬರೋ ಬರ್ತೀನಿ

ನನ್ನ ಹೆಂಡತಿ ದೊಡ್ಡ ಆಸ್ಪತ್ರೆಗೆ ಹೊರಟ ದಿನ ಚೀಲಕ್ಕೆ ಮೊದಲು ಹಾಕಿಕೊಂಡದ್ದು ತನ್ನ ಬಟ್ಟೆಯನ್ನಲ್ಲ, ಡಾಕ್ಟರ ಬಿಳಿ ಕೋಟನ್ನು. ಅದಕ್ಕೆ ಗುಂಡಿ ಹಾಕುವುದು ಬಾಕಿ ಇತ್ತು. ಸೂಜಿ, ದಾರ, ಗುಂಡಿಯ ಡಬ್ಬಿ ಎಲ್ಲವನ್ನೂ ಕೋಟಿನ ಜೇಬಿಗೇ ಸೇರಿಸಿ ಮಡಿಸಿದಳು.

"ಆಸ್ಪತ್ರೆಗೆ ಹೋಗ್ತಿರೋದು ತೋರಿಸ್ಕೊಳ್ಳೋಕೋ, ಅಂಗಡಿ ಇಡೋಕೋ?" ಎಂದು ಕೇಳಿದೆ.

"ಅಣ್ಣ ಅಲ್ಲಿಗೆ ಬರ್ತಾರಲ್ಲ, ಅಲ್ಲೇ ಕೊಟ್ಟುಬಿಟ್ರಾಯ್ತು. ನೀವು ತೋಳು ಕೂಡಿಸಿ ಎಷ್ಟು ದಿನ ಆಯ್ತು, ನೆನಪಿದೆಯಾ? ಪಾಪ, ಹಳೇ ಕೋಟಲ್ಲೇ ಓಡಾಡ್ತಿದಾರೆ" ಎಂದಳು.

ಅಣ್ಣ ಎಂದರೆ ಅವಳೊಡನೆ ಹುಟ್ಟಿದವರಲ್ಲ. ನಾನು ದರ್ಜಿ. ಕೆಳಗೆ ಅಂಗಡಿ, ಮೇಲೆ ಮನೆ. ಬೀದಿಯ ಆಚೆ ಬದಿಗೆ, ನಮ್ಮ ಬಾಗಿಲಿಗೆ ಸರಿಯಾಗಿ ಎದುರಿಗೆ, ಡಾಕ್ಟರ ಕ್ಲಿನಿಕ್ಕು. ನಮ್ಮ ಮಗಳು ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ ಅವರು ಬಂದು ಆ ಮಳಿಗೆ ಹಿಡಿದರು. ರೋಗಿಗಳನ್ನು ನೋಡುವ ಕೋಣೆಗೆ ಒಂದು ಪರದೆ ಬೇಕಾಗಿತ್ತು. ನನ್ನ ಹೆಂಡತಿ ಹಸಿರು ಬಟ್ಟೆಯಲ್ಲಿ ಹೊಲಿದುಕೊಟ್ಟಳು. ಅಳತೆ ಒಂದು ಗೇಣು ಹೆಚ್ಚಾಗಿ ನೆಲದ ಮೇಲೆ ಎಳೆದಾಡಿತು. ಅವಳು ನಾಚಿ ಮೋರೆ ತಗ್ಗಿಸಿದರೆ, ಅವರು, "ಇರಲಿ ಬಿಡಮ್ಮ, ಒಳಗೆ ಕೂತವರ ಕಾಲು ಹೊರಗಿನವರಿಗೆ ಕಾಣೋದು ಬೇಡ. ತಂಗಿ ಕೈ ಧಾರಾಳ ಅಂದ್ಕೋತೀನಿ" ಎಂದರು. ಅವತ್ತಿನಿಂದ ಅವರು ಅಣ್ಣ, ಇವಳು ತಂಗಿ, ನಾನೂ ಅವರೂ ಒಬ್ಬರಿಗೊಬ್ಬರು ಭಾವ. ಮಗಳಿಗೆ ಅವರು ಮಾವ. ಸ್ವಂತ ಸೋದರಮಾವ ಇಲ್ಲದ ಕೊರತೆಯೇ ಅವಳಿಗೆ ಕಾಣಲಿಲ್ಲ.

ನಾವಿಬ್ಬರೂ ಒಂದೇ ಕಸುಬಿನವರೆಂದು ಅವರು ಗಿರಾಕಿಗಳ ಮುಂದೆ ಹೇಳಿ ನಗಿಸುತ್ತಿದ್ದರು. "ನಾನೂ ಹೊಲಿಯೋನೇ, ಭಾವನೂ ಹೊಲಿಯೋರೇ. ವ್ಯತ್ಯಾಸ ಇಷ್ಟೆ. ಅವರ ಹೊಲಿಗೆ ಬಿಚ್ಚಿಹೋದ್ರೆ ಜನ ಬೈತಾರೆ, ನನ್ನ ಹೊಲಿಗೆ ಬಿಚ್ಚದೇ ಹೋದ್ರೆ ಬೈತಾರೆ." ಅವರ ಕೋಟುಗಳನ್ನೆಲ್ಲ ನಾನೇ ಹೊಲಿದೆ. ಗುಂಡಿ ಹಾಕುವುದು ಮಾತ್ರ ಅವಳ ಕೆಲಸ. ಯೋಚನೆಗೆ ಬಿದ್ದಾಗ ಕೋಟಿನ ಗುಂಡಿ ತಿರುಚುತ್ತ ನಿಲ್ಲುವುದು ಡಾಕ್ಟರ ಚಾಳಿ. ಮಿಷನ್ನಿನ ಗುಂಡಿ ಒಂದು ವಾರವೂ ತಡೆಯುತ್ತಿರಲಿಲ್ಲ. ಅವಳು ಕೈಯಲ್ಲಿ ಹಾಕಿ ಕೆಳಗೆ ದಾರ ಸುತ್ತಿ ಕಟ್ಟಿದ ಗುಂಡಿ ಕೋಟು ಹರಿದರೂ ಉದುರುತ್ತಿರಲಿಲ್ಲ.

ಬೆಳಿಗ್ಗೆ ಅಂಗಡಿಯ ಶಟರು ಎತ್ತುವ ಮೊದಲು ನಾವಿಬ್ಬರೂ ಕೈಮುಗಿದು ನಿಂತು ಪ್ರಾರ್ಥನೆ ಮಾಡುವುದು ರೂಢಿ. ನನ್ನದು ಮುಗಿದ ಮೇಲೆ ಅವಳು ತನ್ನದೊಂದು ಮಾತು ಸೇರಿಸುತ್ತಿದ್ದಳು: "ಅಣ್ಣನ ಕೈಗುಣ ಹೀಗೇ ಇರಲಿ, ದೇವರೇ." ನನಗೊಂದು ಸಲವೂ ಅದು ಅತಿಯಾಯಿತು ಎನ್ನಿಸಲಿಲ್ಲ. ಅವರು ನಾಡಿ ಹಿಡಿದರೆ ಸಾಕು, ಅರ್ಧ ನೋವು ಇಳಿಯುತ್ತದೆ ಎಂದು ಬೀದಿಯೆಲ್ಲ ಹೇಳುತ್ತಿತ್ತು.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ನನ್ನ ಕೈಗೆ ಒಗ್ಗದ ಕೆಲಸ ಬಂದರೆ, ಚರ್ಮದ ಜಾಕೆಟ್ಟೋ ಅಂಥದೇ ಮತ್ತೊಂದೋ, ಬೀದಿಯ ಮೂಲೆಯಲ್ಲಿರುವ ಇನ್ನೊಬ್ಬ ದರ್ಜಿಯ ಬಳಿಗೆ ನಾನೇ ಗಿರಾಕಿಯನ್ನು ಕರೆದುಕೊಂಡು ಹೋಗಿ, ಏನಾಗಬೇಕು, ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಹೇಳಿ ಬರುತ್ತಿದ್ದೆ. ಹೆಂಡತಿ ಹಂಗಿಸುತ್ತಿದ್ದಳು: "ಮಗಳನ್ನ ಗಂಡನ ಮನೆಗೆ ಬಿಟ್ಟುಬಂದ ಹಾಗೆ ಬಿಟ್ಟುಬರ್ತೀರಲ್ರೀ! ಇನ್ನು ಕಣ್ಣೀರು ಹಾಕೋದೊಂದು ಬಾಕಿ."

ಅವಳಿಗೆ ಹೊಟ್ಟೆನೋವು ಯಾವಾಗ ಶುರುವಾಯಿತೋ ಸರಿಯಾಗಿ ತಿಳಿಯದು. ಊಟ ಸೇರುವುದಿಲ್ಲ ಎಂದಳು. ತಿಂದದ್ದು ಎದೆಯಲ್ಲೇ ನಿಂತಂತಾಗುತ್ತದೆ ಎಂದಳು. ಡಾಕ್ಟರು ಕೇಳಿ, "ಏನಿಲ್ಲ ತಂಗಿ, ಗ್ಯಾಸ್ಟ್ರಿಕ್. ಹೊತ್ತಿಗೆ ಸರಿಯಾಗಿ ಊಟ ಮಾಡು. ಭಾವನಿಗೆ ಬಡಿಸಿ ಬಡಿಸಿ ನೀನು ತಣ್ಣಗಿದ್ದನ್ನೇ ತಿಂತೀಯ" ಎಂದು ಮಾತ್ರೆ ಕೊಟ್ಟರು. ಮಾತ್ರೆಗೆ ಒಮ್ಮೆ ಇಳಿಯಿತು, ಮತ್ತೆ ಬಂತು. ಮತ್ತೆ ಹೋದಳು, ಮತ್ತೆ ಗ್ಯಾಸ್ಟ್ರಿಕ್ ಎಂದರು. ಅಷ್ಟರಲ್ಲಿ ಅವಳು ಸಡಿಲವಾಗುತ್ತಿದ್ದ ತನ್ನ ಬಟ್ಟೆಗಳನ್ನು ಒಳಗೆ ಹಿಡಿದು ಹೊಲಿದುಕೊಳ್ಳತೊಡಗಿದ್ದಳು. ನಾನು ಕಂಡು ಕೇಳಿದರೆ, "ಅಣ್ಣನ ಹತ್ರ ತೋರಿಸಿದೀನಲ್ಲ. ಅವರಿಗಿಂತ ನಿಮಗೆ ಹೆಚ್ಚು ಗೊತ್ತಾ?" ಎಂದಳು. ಗೊತ್ತಿರಲಿಲ್ಲ. ಅವರಿಗೆ ಗೊತ್ತು ಎಂಬುದಷ್ಟೇ ನನಗೆ ಗೊತ್ತಿತ್ತು.

ಒಂದು ಸಂಜೆ ಅವಳು ಮೆಟ್ಟಿಲು ಹತ್ತಲಾರದೆ ಅರ್ಧದಲ್ಲಿ ಕುಳಿತುಬಿಟ್ಟಳು. ಡಾಕ್ಟರನ್ನು ಮೇಲಕ್ಕೆ ಕರೆದುಕೊಂಡು ಬಂದೆ. ಅವರು ಮಂಚದ ಅಂಚಿನಲ್ಲಿ ಕುಳಿತು, ಏನೋ ತಮಾಷೆ ಮಾಡುತ್ತ, ಹೊಟ್ಟೆಯ ಮೇಲೆ ಕೈಯಿಟ್ಟು ಒತ್ತಿದರು. ಕೈ ಒಂದು ಕಡೆ ನಿಂತಿತು. ತಮಾಷೆಯೂ ನಿಂತಿತು. ಮತ್ತೆ ಅದೇ ಕಡೆ ಬೆರಳ ತುದಿಯಿಂದ ಒತ್ತಿದರು. ಆಮೇಲೆ ಎದ್ದು ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡರು. ಬಹಳ ಹೊತ್ತು ತೊಳೆದುಕೊಂಡರು. ನಲ್ಲಿಯ ನೀರು ಬೀಳುವ ಸದ್ದು ಇಲ್ಲಿಗೆ ಕೇಳುತ್ತಿತ್ತು.

ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ, "ದೊಡ್ಡಾಸ್ಪತ್ರೆಗೆ ಒಂದ್ಸಲ ತೋರಿಸ್ಕೊಂಡು ಬನ್ನಿ ಭಾವ. ನಾಳೇನೇ ಹೋಗಿ" ಎಂದರು.

"ಯಾಕೆ ಭಾವ, ಏನಾದ್ರೂ..."

"ಏನಿಲ್ಲ. ಅಲ್ಲಿ ಒಳ್ಳೆ ಮಿಷನ್ನುಗಳಿವೆ. ಒಂದ್ಸಲ ನೋಡ್ಲಿ" ಎಂದು ಒಂದು ಚೀಟಿಯಲ್ಲಿ ಅವಳ ವಯಸ್ಸು ಬರೆದು, ಕೆಳಗೆ 'ದಯವಿಟ್ಟು ಪರೀಕ್ಷಿಸಿ' ಎಂದಷ್ಟೇ ಬರೆದು ಕೈಗಿತ್ತರು.

ಅವಳು ದಿಂಬಿಗೆ ಒರಗಿ ಎದ್ದು ಕುಳಿತಳು. "ಅಲ್ಲಿ ಕೊಯ್ತಾರಾ ಅಣ್ಣ?"

"ಅದೆಲ್ಲ ಅವರು ನೋಡಿ ಹೇಳ್ತಾರೆ."

"ನೀವು ಹೇಳಿದ್ರೆ ಮಾತ್ರ ನಾನು ಕೊಯ್ಯೋಕೆ ಬಿಡೋದು. ಅವರ ಗುರುತಿಲ್ಲ, ಪರಿಚಯ ಇಲ್ಲ. ನೀವೂ ಅಲ್ಲಿಗೆ ಬರ್ತೀರಾ ಅಣ್ಣ?"

ಡಾಕ್ಟರು ಕುರ್ಚಿಯ ಮೇಲಿದ್ದ ಚೀಲವನ್ನು ಎತ್ತಿಕೊಂಡರು. ಬಾಗಿಲಿನವರೆಗೆ ಹೋದರು. ಕೋಟಿನ ಗುಂಡಿ ತಿರುಚುತ್ತ ಹಿಂದಕ್ಕೆ ತಿರುಗಿ, "ಬರ್ತೀನಿ ತಂಗಿ" ಎಂದರು. ಮೆಟ್ಟಿಲಿಳಿದು ಹೋದರು.

ದೊಡ್ಡ ಆಸ್ಪತ್ರೆಯಲ್ಲಿ ಅವಳನ್ನು ನೋಡಿದವರು ಒಬ್ಬ ಡಾಕ್ಟರಮ್ಮ. ಶಸ್ತ್ರಚಿಕಿತ್ಸೆಯವರು. ಮಾತು ಕಡಿಮೆ, ಕೈ ಚುರುಕು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ನಮ್ಮನ್ನು ಕೂರಿಸಿಕೊಂಡು ಇದ್ದದ್ದನ್ನು ಇದ್ದಹಾಗೆ ಹೇಳಿದರು. ಹೊಟ್ಟೆಯೊಳಗೆ ಒಂದು ಗಡ್ಡೆ. ಒಳ್ಳೆಯದಲ್ಲ. ಆದರೆ ಸುತ್ತಲೂ ಇನ್ನೂ ಅಂಟಿಕೊಂಡಂತೆ ಕಾಣುವುದಿಲ್ಲ. ಈಗಲೇ ತೆಗೆದರೆ ತೆಗೆಯಬಹುದು.

"ನಿಮ್ಮ ಡಾಕ್ಟ್ರು ನಿಮಗೆ ಏನೂ ಹೇಳಿರಲಿಲ್ವಾ?" ಎಂದು ಕೇಳಿದರು.

"ಹೇಳಿದಾರೆ" ಎಂದಳು ನನ್ನ ಹೆಂಡತಿ. "ಬರ್ತೀನಿ ಅಂತ ಹೇಳಿದಾರೆ. ಬಂದು ನೋಡಿ ಹೂಂ ಅಂದ್ರೆ ನನ್ನದೇನೂ ತಕರಾರಿಲ್ಲ, ನೀವು ಕೊಯ್ಯಿರಿ, ಹೊಲೀರಿ, ಏನು ಬೇಕಾದ್ರೂ ಮಾಡಿ."

ಡಾಕ್ಟರಮ್ಮ ನನ್ನ ಮುಖ ನೋಡಿದರು. "ಯಾವತ್ತು ಬರ್ತಾರೆ? ಈ ವಾರ ದಾಟಬಾರದು."

"ಅವರು ಎದುರುಮನೆಯವರೇ. ಕರೆದ್ರೆ ಬರ್ತಾರೆ" ಎಂದೆ.

ಅವಳನ್ನು ವಾರ್ಡಿಗೆ ಸೇರಿಸಿದೆವು. ಕಿಟಕಿಯ ಪಕ್ಕದ ಮಂಚ. ಮೊದಲನೆಯ ದಿನವೇ ಅವಳು ಕೋಟಿಗೆ ಗುಂಡಿ ಹಾಕಿ ಮುಗಿಸಿ, ಗೋಡೆಯ ಮೊಳೆಗೆ ತೂಗುಹಾಕಿದಳು. ಅದರಿಂದ ವಾರ್ಡಿನಲ್ಲಿ ದೊಡ್ಡ ಗೊಂದಲವಾಯಿತು. ಯಾರೋ ದೊಡ್ಡ ಡಾಕ್ಟರು ಕೋಟು ಬಿಚ್ಚಿಟ್ಟು ಇಲ್ಲೇ ಎಲ್ಲೋ ಇದ್ದಾರೆಂದು ಆಯಾಗಳು ಆ ಮೂಲೆಯನ್ನು ದಿನಕ್ಕೆ ಎರಡು ಸಲ ಹೆಚ್ಚಾಗಿ ಗುಡಿಸಿದರು. ಪಕ್ಕದ ಮಂಚದ ಮುದುಕಿಯಂತೂ ಕೋಟನ್ನು ನೋಡಿ ನೋಡಿ, "ಯಾರಮ್ಮಾ ಅದು, ಬರೀ ಕೋಟು ಕಳಿಸಿದಾರೆ, ಆಳು ಯಾವಾಗ ಬರ್ತಾರೆ?" ಎಂದಳು. ನನ್ನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಬರ್ತಾರೆ ಅಜ್ಜಿ. ಕೋಟು ಮುಂದೆ, ಆಳು ಹಿಂದೆ."

ನಾನು ಕ್ಲಿನಿಕ್ಕಿಗೆ ಹೋದೆ. ಚೀಟಿ ಕೊಡುವ ಹುಡುಗಿ ಮೇಜಿನ ಹಿಂದೆ ಕುಳಿತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ಹಾಗೆ ಎಂದೂ ಏಳುತ್ತಿರಲಿಲ್ಲ.

"ಡಾಕ್ಟ್ರು ಊರಲ್ಲಿಲ್ಲ ಅಂಕಲ್."

"ಯಾವಾಗ ಬರ್ತಾರಮ್ಮ?"

"ಹೇಳಿಲ್ಲ."

ಬೆಂಚಿನ ಮೇಲೆ ರೋಗಿಗಳು ಕುಳಿತಿದ್ದರು. ಹಸಿರು ಪರದೆ ಎಳೆದಿತ್ತು, ಅದೇ ಗೇಣುದ್ದ ಹೆಚ್ಚಾದ ಪರದೆ, ನೆಲದವರೆಗೆ. ಅದರ ಹಿಂದೆ ಯಾರೋ ಕೆಮ್ಮಿದರು. ಆ ಕೆಮ್ಮನ್ನು ನಾನು ಬಲ್ಲೆ ಎನ್ನಿಸಿತು. ಆದರೆ ಕೆಮ್ಮು ಯಾರದಾದರೂ ಆಗಬಹುದು. ಊರಲ್ಲಿಲ್ಲ ಎಂದಮೇಲೆ ಇಲ್ಲ. ಪರದೆಯ ಕೆಳಗೆ ಕಾಲು ಕಾಣುವುದೇ ಎಂದು ಒಂದು ಕ್ಷಣ ನೋಡಿದೆ. ಪರದೆಯನ್ನು ಹೊಲಿದವಳ ಕೈ ಧಾರಾಳವಾಗಿತ್ತು, ಏನೂ ಕಾಣಲಿಲ್ಲ. ಬಂದುಬಿಟ್ಟೆ.

"ಊರಲ್ಲಿಲ್ಲವಂತೆ" ಎಂದು ಅವಳಿಗೆ ಹೇಳಿದೆ.

"ಊರಿಗೆ ಬಂದ್ಮೇಲೆ ಬರ್ತಾರೆ ಬಿಡಿ" ಎಂದಳು.

ಫೋನು ಮಾಡಿದರೆ ಗಂಟೆ ಬಾರಿಸಿ ಬಾರಿಸಿ ಸುಮ್ಮನಾಗುತ್ತಿತ್ತು. ಕೊನೆಗೆ ಡಾಕ್ಟರಮ್ಮನೇ ತಮ್ಮ ಕೋಣೆಯಿಂದ ಫೋನು ಮಾಡಿದರು. ಅವರ ಕರೆಯನ್ನು ಡಾಕ್ಟರು ಎತ್ತಿಕೊಂಡರು. ಆಮೇಲೆ ಡಾಕ್ಟರಮ್ಮ ಮಂಚದ ಬಳಿ ಬಂದು, "ನಿಮ್ಮ ಡಾಕ್ಟ್ರ ಹತ್ರ ಮಾತಾಡಿದೆ. ಆಪರೇಷನ್ ಆಗಬೇಕು ಅಂತ ಅವರೂ ಹೇಳಿದ್ರು" ಎಂದರು.

"ಫೋನಲ್ಲಾ?" ಎಂದಳು ಇವಳು.

"ಹೂಂ, ಫೋನಲ್ಲಿ."

"ಹಾಗಾದ್ರೆ ಊರಿಗೆ ಬಂದಿದಾರೆ. ಇನ್ನೇನು, ಬರ್ತಾರೆ."

ಡಾಕ್ಟರಮ್ಮ ಹೊರಗೆ ನಿಂತು ನನಗೆ ಮೆಲ್ಲನೆ ಹೇಳಿದರು: "ಅವರು ಬರೋ ಹಾಗೆ ಕಾಣಲ್ಲ ಯಜಮಾನ್ರೇ. 'ಈಗ ಅವರು ನಿಮ್ಮ ಪೇಷೆಂಟು, ನೀವೇ ನೋಡ್ಕೊಳ್ಳಿ' ಅಂತ ಫೋನಿಟ್ರು." ಆ ಮಾತು ನನ್ನ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ತಂಗಿ ಎನ್ನುವ ಬಾಯಲ್ಲಿ ಪೇಷೆಂಟು ಎಂಬ ಮಾತು ಬಂದಿರಲಾರದು, ಇವರು ತಮ್ಮ ಮಾತಿನಲ್ಲಿ ಹೇಳುತ್ತಿದ್ದಾರೆ ಎಂದುಕೊಂಡೆ.

ನಮ್ಮ ಮಗಳು ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳು. ಸುತ್ತಿಬಳಸಿ ಮಾತಾಡುವುದು ಅವಳಿಗೆ ಬಾರದು. ರಜೆ ಹಾಕಿ ಬಂದು ತಾಯಿಯ ಮಂಚದ ಪಕ್ಕ ಕುಳಿತು ಗದರಿದಳು.

"ಅಮ್ಮಾ, ದಿನ ಹೋಗ್ತಾ ಇದೆ. ಮಾವ ಬರಲ್ಲ. ಆಪರೇಷನ್ನಿಗೆ ಸಹಿ ಹಾಕು."

"ಬರ್ತೀನಿ ಅಂದಿದಾರೆ ಕಣೇ."

"ಅಯ್ಯೋ, ಎದ್ದು ಹೋಗೋರೆಲ್ಲ ಅನ್ನೋದು ಅದನ್ನೇ! ಹಾಲಿನೋನು ಬರ್ತೀನಿ ಅಂತಾನೆ, ಮೀಟರ್ ನೋಡೋನು ಬರ್ತೀನಿ ಅಂತಾನೆ. ನಮ್ಮ ಬಾಯಲ್ಲಿ ಬರ್ತೀನಿ ಅಂದ್ರೆ ಹೋಗ್ತೀನಿ ಅಂತ ಅರ್ಥ. ಅಷ್ಟೂ ಗೊತ್ತಿಲ್ವಾ ನಿನಗೆ?"

ಅವಳ ತಾಯಿ ದಾರದ ಉಂಡೆಯನ್ನು ಬಿಚ್ಚಿ ಮತ್ತೆ ಸುತ್ತಿದಳು. ಆಮೇಲೆ ಪಾಠ ಹೇಳಿಕೊಡುವವಳ ಹಾಗೆ ನಿಧಾನವಾಗಿ ಹೇಳಿದಳು:

"ಕೇಳದೆ ತಾವಾಗೇ ಹೇಳಿದ್ರೆ ಅದು ಹೋಗೋ ಬರ್ತೀನಿ. ಕೇಳಿದ್ದಕ್ಕೆ ಹೇಳಿದ್ರೆ ಅದು ಬರೋ ಬರ್ತೀನಿ. ನಾನು ಕೇಳಿದೆ. ಬರ್ತೀರಾ ಅಂತ ಕೇಳಿದೆ. ನಿಮ್ಮಪ್ಪ ಅಲ್ಲೇ ಇದ್ರು, ಕೇಳು ಬೇಕಾದ್ರೆ."

ಮಗಳು ನನ್ನ ಕಡೆ ತಿರುಗಿದಳು. ನಾನು ಹೌದೆಂದು ತಲೆಯಾಡಿಸಿದೆ. ಅದು ನಿಜವೇ ಆಗಿತ್ತು. ಮಗಳು ಎದ್ದು ಕಿಟಕಿಯ ಬಳಿ ಹೋಗಿ ನಿಂತಳು. ಅಳುತ್ತಿದ್ದಳೋ ಏನೋ, ನಮಗೆ ಬೆನ್ನು ಮಾಡಿದ್ದಳು.

ಕೊನೆಗೆ ನನ್ನ ಹೆಂಡತಿ ಸಹಿ ಹಾಕಿದಳು. ಅಷ್ಟರಲ್ಲಿ ವಾರ ದಾಟಿ ಇನ್ನೊಂದು ವಾರವೂ ಕಳೆಯುತ್ತ ಬಂದಿತ್ತು. ಯಾರೂ ಒತ್ತಾಯ ಮಾಡಲಿಲ್ಲ. ಒಂದು ಬೆಳಿಗ್ಗೆ ತಾನೇ ಆಯಾಳನ್ನು ಕರೆದು, "ಡಾಕ್ಟರಮ್ಮನಿಗೆ ಹೇಳಮ್ಮ, ಸಹಿ ಹಾಕ್ತೀನಿ ಅಂತ" ಎಂದಳು. ನನ್ನನ್ನು ನೋಡಿ, "ಪಾಪ, ಅವರಿಗೆ ಎಷ್ಟು ಕೆಲಸವೋ" ಎಂದಳು. ಅವರಿಗೆ ಎಂದರೆ ಯಾರಿಗೆ ಎಂದು ನಾನು ಕೇಳಲಿಲ್ಲ.

ಶಸ್ತ್ರಚಿಕಿತ್ಸೆಯ ಕೋಣೆಯಿಂದ ಡಾಕ್ಟರಮ್ಮ ಬೇಗ ಹೊರಗೆ ಬಂದರು. ಅಷ್ಟು ಬೇಗ ಬರಬಾರದಿತ್ತು ಎಂದು ಅವರ ನಡಿಗೆಯಲ್ಲೇ ತಿಳಿಯಿತು. ತೆರೆದು ನೋಡಿದೆವು, ಸುತ್ತಲೂ ಹಿಡಿದುಕೊಂಡಿದೆ, ಹಾಗೇ ಮುಚ್ಚಿದೆವು ಎಂದರು. "ಮೊದಲು ಹೇಳಿದ ದಿನವೇ ಆಗಿದ್ದರೆ ಪೂರ್ತಿ ವಾಸಿಯಾಗ್ತಿತ್ತು ಅಂತ ನಾನು ಆಣೆ ಮಾಡಿ ಹೇಳಲಾರೆ. ಆದರೆ ಒಂದು ಅವಕಾಶ ಇತ್ತು" ಎಂದರು. ಅವರು ಸುಳ್ಳು ಸಮಾಧಾನ ಹೇಳಲಿಲ್ಲ. ಅದಕ್ಕಾಗಿ ಇಂದಿಗೂ ಅವರಿಗೆ ಕೈಮುಗಿಯುತ್ತೇನೆ.

ಮನೆಗೆ ಕರೆತಂದೆವು. ಮಂಚವನ್ನು ಕಿಟಕಿಗೆ ಹತ್ತಿರ ಹಾಕಿದೆವು, ಅವಳೇ ಹಾಗೆ ಕೇಳಿದಳು. ಅಲ್ಲಿಂದ ಬೀದಿಯಾಚೆಗೆ ಕ್ಲಿನಿಕ್ಕಿನ ಬಾಗಿಲು ಕಾಣುತ್ತದೆ. ರೋಗಿಗಳು ಹೋಗುವುದು, ಬರುವುದು ಎಲ್ಲ ಅವಳಿಗೆ ಕಾಣುತ್ತಿತ್ತು. "ಇವತ್ತು ಜನ ಜಾಸ್ತಿ" ಎನ್ನುತ್ತಿದ್ದಳು. "ಇವತ್ತು ಬೇಗ ಬಾಗಿಲು ಹಾಕಿದ್ರು." ಡಾಕ್ಟರು ಮಾತ್ರ ಆ ಬಾಗಿಲಿನಲ್ಲಿ ಕಾಣಿಸುತ್ತಿರಲಿಲ್ಲ. ಹಿಂದಿನ ಓಣಿಗೆ ತೆರೆಯುವ ಬಾಗಿಲಿನಿಂದ ಅವರು ಓಡಾಡುತ್ತಿದ್ದಾರೆ ಎಂಬುದು ನನಗೆ ತಿಳಿದಿತ್ತು. ಬೀದಿಯಲ್ಲಿ ಎಲ್ಲರಿಗೂ ತಿಳಿದಿತ್ತು. ಚೀಟಿ ಕೊಡುವ ಹುಡುಗಿ ಒಮ್ಮೆ ನೋವಿನ ಮಾತ್ರೆಯ ಪೊಟ್ಟಣ ತಂದು, ತಲೆ ತಗ್ಗಿಸಿ, "ಡಾಕ್ಟ್ರು ಕೊಟ್ಟಿದಾರೆ" ಎಂದು ಅಂಗಡಿಯ ಮೇಜಿನ ಮೇಲಿಟ್ಟು ಓಡಿಹೋದಳು.

ಬೀದಿ ದಾಟುವುದಕ್ಕೆ ಎಷ್ಟು ಹೊತ್ತು ಬೇಕು? ಅವರೇ ದಿನವೂ ಮಧ್ಯಾಹ್ನ ದಾಟಿ ಬಂದು, ನನ್ನ ಬೆಂಚಿನ ಮೇಲೆ ಕುಳಿತು, ಅವಳ ಕೈಯ ಟೀ ಕುಡಿದು ಹೋಗುತ್ತಿದ್ದವರು.

ಒಂದು ದಿನ ಅವಳು ನನ್ನನ್ನೂ ಮಗಳನ್ನೂ ಕರೆದು, "ಈ ಮಂಚ ಆ ಕಡೆಗೆ ತಿರುಗಿಸಿ" ಎಂದಳು.

"ಯಾಕಮ್ಮಾ? ಗಾಳಿ ಬರುತ್ತೆ ಅಂತ ನೀನೇ..."

"ಬೆಳಕು ಕಣ್ಣಿಗೆ ಚುಚ್ಚುತ್ತೆ" ಎಂದಳು.

ಮೋಡ ಮುಸುಕಿದ ದಿನವದು. ನಾವು ಮಂಚವನ್ನು ಗೋಡೆಯ ಕಡೆಗೆ ತಿರುಗಿಸಿದೆವು. ಆಮೇಲೆ ಅವಳು ಕ್ಲಿನಿಕ್ಕಿನ ಸುದ್ದಿ ಎತ್ತಲಿಲ್ಲ. ಆದರೆ ಬೆಳಗಿನ ಪ್ರಾರ್ಥನೆಯ ಕೊನೆಯ ಮಾತನ್ನು ಬಿಡಲಿಲ್ಲ. ಧ್ವನಿ ಹೊರಡದಿದ್ದಾಗ ತುಟಿ ಆಡುತ್ತಿತ್ತು. ಅದೇ ಮಾತು ಎಂದು ನನಗೆ ತಿಳಿಯುತ್ತಿತ್ತು. ಆಸ್ಪತ್ರೆಯಿಂದ ಮರಳಿ ತಂದ ಕೋಟು ಎದುರಿನ ಗೋಡೆಯಲ್ಲೇ ತೂಗುತ್ತಿತ್ತು. "ಕಳಿಸಬೇಡಿ. ಬಂದಾಗ ಕೊಡಿ" ಎಂದು ಒಮ್ಮೆ ಹೇಳಿದಳು. ಅವಳು ಹೋದದ್ದು ಒಂದು ಬೆಳಿಗ್ಗೆ, ನಾನು ಪ್ರಾರ್ಥನೆ ಮುಗಿಸಿ ಶಟರು ಎತ್ತಲು ಕೆಳಗಿಳಿದಿದ್ದಾಗ.

ಸಾವು ದೇವರ ಇಚ್ಛೆ. ಆತನ ಮೇಲೆ ನನಗೆ ದೂರಿಲ್ಲ. ಆತ ಅವಳಿಗೆ ಬರುತ್ತೇನೆಂದು ಹೇಳಿ ಬಾರದೆ ಇರಲಿಲ್ಲ.

ಎಲ್ಲ ಕಾರ್ಯಗಳೂ ಮುಗಿದು, ನೆಂಟರೆಲ್ಲ ಹೊರಟುಹೋದ ಮೇಲೆ, ಒಂದು ಮಧ್ಯಾಹ್ನ ಡಾಕ್ಟರು ಬೀದಿ ದಾಟಿ ಬಂದರು. ನಾನು ಅಂಗಡಿಯಲ್ಲಿ ಸುಮ್ಮನೆ ಕುಳಿತಿದ್ದೆ. ಮಗಳು ತಾಯಿಯ ಗುಂಡಿಯ ಡಬ್ಬಿಗಳನ್ನು ಒಪ್ಪವಾಗಿ ಜೋಡಿಸುತ್ತಿದ್ದಳು. ಕೋಟನ್ನು ಕೆಳಗೆ ತಂದು ಹ್ಯಾಂಗರಿಗೆ ಹಾಕಿದ್ದೆ.

ಅವರು ಎಂದಿನ ಜಾಗದಲ್ಲೇ ಬೆಂಚಿನ ಮೇಲೆ ಕುಳಿತರು. ಗಡ್ಡ ಬೆಳೆದಿತ್ತು. ಮೈಮೇಲೆ ಹಳೆಯ ಕೋಟೇ ಇತ್ತು. ಮಗಳು ಟೀ ತರಲೆಂದು ಏಳಲಿಲ್ಲ.

"ಏನು ಮಾತಾಡೋದೋ ತಿಳಿಯಲ್ಲ ಭಾವ" ಎಂದರು.

ನಾನು ಹೂಂ ಎಂದೆ.

ಮತ್ತಷ್ಟು ಹೊತ್ತು ಕುಳಿತು ಎದ್ದರು. ಸಾವಾದ ಮನೆಯಿಂದ ಏಳುವವರು ಏನೂ ಹೇಳದೆ ಎದ್ದು ಹೋಗುತ್ತಾರೆ. ಆದರೆ ವರ್ಷಾನುವರ್ಷ ಆ ಬೆಂಚಿನಿಂದ ಏಳುವಾಗ ಆಡಿದ ಮಾತು ಅವರ ನಾಲಿಗೆಯ ಮೇಲೆಯೇ ಇತ್ತು. ಹೊಸ್ತಿಲಲ್ಲಿ ನಿಂತು, "ಬರ್ತೀನಿ ಭಾವ" ಎಂದುಬಿಟ್ಟರು.

ಮಗಳ ಕೈಯಿಂದ ಡಬ್ಬಿ ಜಾರಿ ಗುಂಡಿಗಳೆಲ್ಲ ನೆಲದ ಮೇಲೆ ಚೆಲ್ಲಿದವು.

"ಯಾವ ಬರ್ತೀನಿ, ಡಾಕ್ಟ್ರೇ?" ಎಂದು ಕೇಳಿದೆ.

ಅವರಿಗೆ ಅರ್ಥವಾಗಲಿಲ್ಲ. ಅಥವಾ ಭಾವ ಹೋಗಿ ಡಾಕ್ಟ್ರೇ ಬಂದದ್ದು ಮಾತ್ರ ಅರ್ಥವಾಯಿತು.

"ಅವತ್ತು ಮೇಲೆ, ಬಾಗಿಲಲ್ಲಿ ನಿಂತು ಬರ್ತೀನಿ ತಂಗಿ ಅಂದ್ರಲ್ಲ, ಅದು ಹೋಗೋ ಬರ್ತೀನಿಯೋ ಬರೋ ಬರ್ತೀನಿಯೋ? ಅವಳು ಕೇಳಿದ್ದಕ್ಕೆ ಹೇಳಿದ್ದು ಅಂತ ಅವಳು ನಂಬಿದ್ಲು. ನಂಬಿ ಕಾದ್ಲು. ಕಾಯ್ತಾ ಕಾಯ್ತಾ ಹೊತ್ತು ಮೀರಿಹೋಯ್ತು. ನನಗೆ ಇಷ್ಟು ಹೇಳಿ ಸಾಕು. ಯಾವುದು?"

ಅವರು ಹಿಂದಕ್ಕೆ ಬಂದು ಬೆಂಚಿನ ಮೇಲೆ ಕುಸಿದು ಕುಳಿತರು. ಕೋಟಿನ ಗುಂಡಿಗೆ ಕೈ ಹೋಯಿತು, ನನ್ನ ಕಣ್ಣು ಅದರ ಮೇಲಿರುವುದನ್ನು ಕಂಡು ಬಿಟ್ಟರು.

"ಆಡುವಾಗ ನನಗೇ ಗೊತ್ತಿರಲಿಲ್ಲ ಭಾವ. ಎರಡಕ್ಕೂ ಆಗೋ ಮಾತು ಅಂತಲೇ ಆಡಿದೆ. ಹೊಟ್ಟೆ ಮೇಲೆ ಕೈ ಇಟ್ಟಾಗಲೇ ನನಗೆ ತಿಳೀತು. ಇಷ್ಟು ದಿನ ಗ್ಯಾಸ್ಟ್ರಿಕ್ ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ಟೆನಲ್ಲ. ಅಲ್ಲಿಗೆ ನಾನು ಬಂದ್ರೆ, 'ಇಷ್ಟು ದಿನ ಏನು ನೋಡ್ತಿದ್ರಿ' ಅಂತ ತಂಗಿ ಎದುರಿಗೇ ಆ ಡಾಕ್ಟರಮ್ಮ ಕೇಳ್ತಾರೆ. ಆ ಮುಖ ಹೇಗೆ ತೋರಿಸಲಿ? ನಾಳೆ ಹೋಗೋಣ ಅಂದ್ಕೊಂಡೆ. ನಾಳೆ ಅಂದ್ಕೊಂಡೆ. ಆಮೇಲೆ ತಡ ಆಯ್ತು, ತಡ ಆದದ್ದಕ್ಕೇ ಬರೋಕೆ ಆಗಲಿಲ್ಲ."

"ಮಾವ, ಪರದೆ ಹಿಂದೆ ಇದ್ದದ್ದು ನೀವೇ ಅಲ್ವಾ?" ಎಂದಳು ಮಗಳು ನೆಲದಿಂದಲೇ, ಗುಂಡಿಗಳನ್ನು ಆರಿಸುತ್ತ. ಆ ಕೆಮ್ಮಿನ ಸಂಗತಿಯನ್ನು ನಾನು ಅವಳಿಗೊಬ್ಬಳಿಗೇ ಹೇಳಿದ್ದೆ.

ಅವರು ಅವಳ ಕಡೆ ನೋಡದೆ ನನ್ನ ಕಡೆಗೇ ತಿರುಗಿದರು.

"ಕಳಿಸಿದ್ದು ಸರಿಯಾದ ಜಾಗಕ್ಕೇ ಕಳಿಸಿದೆ ಭಾವ. ಆಕೆಗಿಂತ ಒಳ್ಳೆ ಕೈ ಈ ಸುತ್ತಿನಲ್ಲಿಲ್ಲ. ಅಷ್ಟಾದರೂ ನಂಬಿ."

"ನಂಬ್ತೀನಿ. ಕಳಿಸಿದ್ದು ಸರಿ. ಕಳಿಸಿ ಕೈ ತೊಳೆದುಕೊಂಡ್ರಲ್ಲ, ಅದನ್ನ ಹೇಳ್ತಿದೀನಿ. ಅವಳ ಗುಣ ನಿಮಗೆ ಗೊತ್ತಿರಲಿಲ್ವಾ? 'ನನ್ನಿಂದ ತಪ್ಪಾಯ್ತು ತಂಗಿ, ಇನ್ನು ಇವರ ಮಾತು ಕೇಳು' ಅಂತ ಒಂದು ಮಾತು ಬಂದು ಹೇಳಿದ್ದಿದ್ರೆ, 'ಹೋಗ್ಲಿ ಬಿಡಿ ಅಣ್ಣ' ಅಂತ ಅಲ್ಲೇ ಸಹಿ ಹಾಕೋಳು. ನಿಮ್ಮ ತಪ್ಪಿಗೆ ಅವಳು ಸಾಯಲಿಲ್ಲ ಡಾಕ್ಟ್ರೇ. ನಿಮ್ಮ ಮಾತಿಗೆ ಸತ್ಲು."

ಅಷ್ಟು ಕಟುವಾಗಿ ನಾನು ಯಾರೊಡನೆಯೂ ಮಾತಾಡಿದವನಲ್ಲ. ಆಡಿದ ಮೇಲೆ ಹಗುರವಾಗಲಿಲ್ಲ. ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಬೇರೆ ಯಾವಾಗಲಾದರೂ ಆಗಿದ್ದರೆ ನಾನು ಎದ್ದು ಹೆಗಲ ಮೇಲೆ ಕೈಯಿಡುತ್ತಿದ್ದೆ. ಕೈ ಏಳಲಿಲ್ಲ.

ಎದ್ದು ಹ್ಯಾಂಗರಿನಿಂದ ಕೋಟನ್ನು ತೆಗೆದು ಅವರ ಕೈಗಿತ್ತೆ. "ಬಂದಾಗ ಕೊಡಿ ಅಂದಿದ್ಲು. ಬಂದಿದೀರಿ. ತಗೊಳ್ಳಿ."

ಅವರು ಅದನ್ನು ಎದೆಗೆ ಅವಚಿಕೊಂಡರು. ಜೇಬಿನಲ್ಲಿ ಅವಳು ಉಳಿಸಿದ್ದ ಸೂಜಿದಾರ ಕೈಗೆ ತಗುಲಿರಬೇಕು, ತೆಗೆದು ನೋಡಿ ಮತ್ತೆ ಅಲ್ಲೇ ಇಟ್ಟುಕೊಂಡರು.

"ಇನ್ನು ನಾನು ನಿಮಗೆ ಹೊಲಿಯಲ್ಲ" ಎಂದೆ. "ಕೋಪಕ್ಕೆ ಹೇಳ್ತಿಲ್ಲ. ನಿಮ್ಮ ಬಟ್ಟೆ ಮೇಲೆ ನನ್ನ ಕತ್ತರಿ ನೇರ ಓ‌ಡಲ್ಲ, ಅದಕ್ಕೆ. ಮೂಲೆ ದರ್ಜಿ ಹತ್ರ ಹೊಲಿಸಿಕೊಳ್ಳಿ. ಒಳ್ಳೆ ಕೆಲಸಗಾರ." ಮೇಜಿನ ಕೆಳಗಿನಿಂದ ಚಪ್ಪಲಿ ಎಳೆದು ಮೆಟ್ಟಿಕೊಂಡೆ. "ನಡೀರಿ. ನಾನೂ ಬರ್ತೀನಿ."

ನಿಜಕ್ಕೂ ಹೋದೆ. ಬಿಸಿಲು ಸುಡುತ್ತಿತ್ತು. ಇಬ್ಬರೂ ಪಕ್ಕಪಕ್ಕದಲ್ಲಿ ಬೀದಿಯ ಮೂಲೆಯವರೆಗೆ ನಡೆದೆವು. ಮೂಲೆಯ ದರ್ಜಿ ಬಾಯಿತುಂಬ ಪಿನ್ನು ಕಚ್ಚಿಕೊಂಡು ಒಂದು ಪ್ಯಾಂಟಿನ ಅಂಚು ಮಡಿಸುತ್ತಿದ್ದ. ನಮ್ಮಿಬ್ಬರನ್ನೂ ಕಂಡು ಪಿನ್ನು ಉಗುಳಿ ಎದ್ದುನಿಂತ.

"ಏನ್ ಯಜಮಾನ್ರೇ, ಇವರು ನಿಮ್ಮ ಮನೆಯೋರಲ್ವಾ? ನನ್ನ ಹತ್ರ ಯಾಕೆ?"

"ಯಾಕೆ ಅಂತ ಇವರಿಗೆ ಹೇಳಿದೀನಿ. ನಿನಗೆ ಬೇಕಾದ್ದು ಹೇಳ್ತೀನಿ ಕೇಳಿಸ್ಕೊ. ಎಡಭುಜ ಸ್ವಲ್ಪ ಇಳಿದಿದೆ, ಅಲ್ಲಿ ಒಳಗೆ ಒಂದು ಪದರ ಕೊಡು. ಬಲಗಡೆ ಜೇಬು ಆಳ ಇರಲಿ. ಕಂಕುಳಲ್ಲಿ ಬಿಗಿ ಮಾಡಬೇಡ, ಕೈ ಎತ್ತಿ ಇಳಿಸಿ ಮಾಡೋ ಕೆಲಸ ಇವರದು. ಗುಂಡಿ..."

ಡಾಕ್ಟರು ಅವಚಿಕೊಂಡಿದ್ದ ಕೋಟಿನ ಗುಂಡಿಗಳ ಮೇಲೆ ನನ್ನ ಕಣ್ಣು ಬಿತ್ತು.

"ಗುಂಡಿ ಕೈಯಲ್ಲೇ ಹಾಕು" ಎಂದೆ. "ಕೆಳಗೆ ದಾರ ಸುತ್ತಿ ಕಟ್ಟು. ಇವರು ತಿರುಚ್ತಾರೆ."

"ಅಳತೆಗೆ ಆ ಕೋಟೇ ಇದೆಯಲ್ಲ, ಕೊಡಿ ಸಾರ್" ಎಂದು ಮೂಲೆಯ ದರ್ಜಿ ಕೈ ಚಾಚಿದ.

ಡಾಕ್ಟರು ಕೋಟನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡರು. "ಇದು ಬೇಡ. ಮೈಮೇಲೆ ತಗೊಳ್ಳಿ" ಎಂದು ಅದನ್ನು ಒಂದು ತೋಳಿನ ಮೇಲೆ ಹಾಕಿಕೊಂಡು, ಇನ್ನೊಂದು ತೋಳನ್ನು ಮಾತ್ರ ಚಾಚಿ ನಿಂತರು. ಟೇಪು ಹಿಡಿದವನು ಏನೂ ತಿಳಿಯದೆ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿದ. ನಾನು ತಿರುಗಿ ನಡೆದೆ. ಬರ್ತೀನಿ ಎಂದು ಅವರು ಹೇಳಲಿಲ್ಲ. ನಾನೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಶಟರಿನ ಮುಂದೆ ಕೈಮುಗಿದು ನಿಂತೆ. ನನ್ನ ಪ್ರಾರ್ಥನೆ ಮುಗಿಯಿತು. ಅಣ್ಣನ ಕೈಗುಣ ಎಂಬ ಅವಳ ಮಾತಿನ ಜಾಗ ಬಂತು. ಅವಳ ಪರವಾಗಿ ಅದನ್ನು ಹೇಳುವುದು ನನ್ನ ಕರ್ತವ್ಯ ಎಂದು ತಿಳಿದಿದ್ದರೂ ಬಾಯಿ ತೆರೆಯಲಿಲ್ಲ. ಕಾದೆ. ಮೇಲಿನ ಮನೆಯಲ್ಲಿ ಮಗಳು ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಇವತ್ತು ಆಗುವುದಿಲ್ಲ ಎಂದು ದೇವರಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿ, ಶಟರು ಎತ್ತಿದೆ.